ಪ್ರಾಥಮಿಕ ಶಾಲೆಯ ರಜೆ ಹೋಂವರ್ಕ್: ಕೊಡಗಿನ ಮನೆಗಳಲ್ಲಿ ಅದನ್ನು ಮಾಡುವವರು ಯಾರು?

2025ರ ದಸರಾ ರಜೆ ಸೆಪ್ಟೆಂಬರ್ 20ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ನಾಳೆ ಶಾಲೆ ಎಂದು ಮಕ್ಕಳು ಚೀಲ ಹುಡುಕುವ ಹೊತ್ತಿಗೆ ಸರ್ಕಾರ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿತು. ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿದಿರಲಿಲ್ಲ, ಮನೆಮನೆಗೆ ಹೋಗುತ್ತಿದ್ದವರು ಶಾಲೆಯ ಮೇಷ್ಟ್ರು, ಟೀಚರ್‌ಗಳೇ. ಆದೇಶ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ತಪ್ಪಿದ ಪಾಠಗಳನ್ನು ಹೆಚ್ಚುವರಿ ತರಗತಿ ಮಾಡಿ ಮುಗಿಸುತ್ತಾರೆ ಎಂಬ ಮಾತೂ ಜೊತೆಗೇ ಬಂತು.

ಇಂಥ ಸುದ್ದಿ ಬಂದಾಗಲೆಲ್ಲ ಕೊಡಗಿನ ಪೋಷಕರಿಗೆ ಒಂದೇ ಗೊಂದಲ. ರಜೆ ಉದ್ದವಾದರೆ ಹೋಂವರ್ಕ್ ಕೂಡ ಉದ್ದವಾಗಬೇಕಾ? ಪಕ್ಕದ ಮನೆಯ ಮಗು ಖಾಸಗಿ ಶಾಲೆಯಿಂದ ದಪ್ಪ ಕಟ್ಟು ತಂದಿದೆ, ನಮ್ಮ ಮಗುವಿಗೆ ಏನೂ ಇಲ್ಲ, ನಮ್ಮದು ಹಿಂದೆ ಬೀಳುತ್ತದಾ? ಚಿಕ್ಕ ಮಕ್ಕಳಿಗೆ ಹೋಂವರ್ಕ್ ಕೊಡಬಾರದು ಎಂಬ ಆದೇಶ ಇತ್ತಲ್ಲ, ಅದು ಏನಾಯಿತು? 2025-26ರ ವೇಳಾಪಟ್ಟಿಯಲ್ಲಿ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ, ಅಂದರೆ 48 ದಿನ. ಹಾಗಾಗಿ ಈ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಒಳ್ಳೆಯದು.

ನಿಯಮ ಎಲ್ಲಿಂದ ಬಂತು, ಏನು ಹೇಳುತ್ತದೆ

ಈ ಚರ್ಚೆಯ ಬೇರು ನಮ್ಮ ನೆರೆಯ ಮೈಸೂರಿನಲ್ಲೇ ಇದೆ. ಅಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಶಾಲಾ ಮಕ್ಕಳ ಕಷ್ಟ. ಹೊತ್ತ ಚೀಲದಿಂದ ಮಗುವಿನ ಬೆನ್ನು ಬಾಗುತ್ತಿದೆ, ಶಾಲೆ ಮುಗಿದ ಮೇಲೂ ಅದಕ್ಕೆ ಬಿಡುವಿಲ್ಲ ಎಂದು ಅವರು ಕಳಕಳಿಯಿಂದ ಹೇಳಿದರು. ಮುಂದೆ ಕೇಂದ್ರ ಸರ್ಕಾರ ವಿಜ್ಞಾನಿ ಯಶ್‌ಪಾಲ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 1993ರಲ್ಲಿ ಆ ಸಮಿತಿ ಕೊಟ್ಟ ವರದಿ ಸ್ಪಷ್ಟವಾಗಿತ್ತು. ಪ್ರಾಥಮಿಕ ತರಗತಿಗಳಲ್ಲಿ ಹೋಂವರ್ಕ್ ಬೇಡ, ಮನೆಯ ಸುತ್ತಮುತ್ತ ಇರುವುದನ್ನು ಮಗು ನೋಡಿ ತಿಳಿಯುವ ಕೆಲಸಕ್ಕೆ ಮಾತ್ರ ಅವಕಾಶ ಇರಲಿ ಎಂದಿತು. ಈ ಎರಡನೇ ಭಾಗವನ್ನು ನೆನಪಿಟ್ಟುಕೊಳ್ಳಿ. ಕೊಡಗಿನ ಮಟ್ಟಿಗೆ ಅದೇ ಮುಖ್ಯ.

2018ರಲ್ಲಿ ಮದ್ರಾಸ್ ಹೈಕೋರ್ಟ್ 1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೊಡಬಾರದು ಎಂದು ಆದೇಶಿಸಿತು. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಹಾಗೇ ಸೂಚಿಸಿತು. 2019ರಲ್ಲಿ ಕರ್ನಾಟಕ ಶಾಲಾ ಚೀಲದ ತೂಕದ ಬಗ್ಗೆ ಹೊರಡಿಸಿದ ಸುತ್ತೋಲೆಯಲ್ಲೂ ಈ ಮಾತು ಇದೆ. 2020ರ ಕೇಂದ್ರದ ಶಾಲಾ ಚೀಲ ನೀತಿ ಇನ್ನೂ ಬಿಡಿಸಿ ಹೇಳಿತು. 2ನೇ ತರಗತಿವರೆಗೆ ಹೋಂವರ್ಕ್ ಇಲ್ಲ, 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ.

ಹಾಗಾದರೆ ಗೊಂದಲ ಯಾಕೆ? ಈ ಲೆಕ್ಕವೆಲ್ಲ ಶಾಲೆ ನಡೆಯುವ ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ರಜೆಗೂ ಅದೇ ಮಿತಿ ಎಂದು ಬಹಳ ಶಾಲೆಗಳು ಅಂದುಕೊಳ್ಳುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಬೇಸಿಗೆ ರಜೆ ಸುಮಾರು 7 ವಾರ. ವಾರಕ್ಕೆ 2 ಗಂಟೆಯಂತೆ ಇಡೀ ರಜೆಗೆ 14 ಗಂಟೆ. ಈಗ ಒಬ್ಬ ಟೀಚರ್ 4ನೇ ತರಗತಿಗೆ ‘ದಿನಕ್ಕೆ ಎರಡೇ ಎರಡು ಪುಟ ಕಾಪಿ ಬರೆಯಿರಿ’ ಎಂದರು ಎಂದುಕೊಳ್ಳೋಣ. ಕೇಳಲು ಕಡಿಮೆಯೇ ಅಲ್ವಾ? 48 ದಿನಕ್ಕೆ 96 ಪುಟ ಆಯಿತು. ಪುಟಕ್ಕೆ 20 ನಿಮಿಷ ಹಿಡಿದರೂ 32 ಗಂಟೆ. ನೀತಿ ಹೇಳುವ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಮಗ್ಗಿ, ಇಂಗ್ಲಿಷ್ ಸ್ಪೆಲ್ಲಿಂಗ್, ಪ್ರಾಜೆಕ್ಟು ಎಲ್ಲ ಇದರ ಮೇಲೆ.

ಟೀಚರ್‌ಗಳ ಆತಂಕ ಸುಳ್ಳಲ್ಲ

ಹೋಂವರ್ಕ್ ಕೊಡುವ ಟೀಚರ್‌ಗಳನ್ನು ಮಕ್ಕಳ ಶತ್ರುಗಳಂತೆ ಕಾಣುವುದು ತಪ್ಪು. ಅವರು ಹೇಳುವ ಕಾರಣಕ್ಕೆ ತೂಕ ಇದೆ. ಮಾರ್ಚ್‌ನಲ್ಲಿ ಒತ್ತಕ್ಷರ ಓದುತ್ತಿದ್ದ ಮಗು ಜೂನ್‌ನಲ್ಲಿ ತಡವರಿಸುತ್ತದೆ. ದಶಕ ಇಟ್ಟುಕೊಂಡು ಕೂಡುವುದು ಮರೆತಿರುತ್ತದೆ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಹೋಗುತ್ತಾರೆ ಎಂದು ಕಂಡಿತು. ಲೆಕ್ಕ ಮತ್ತು ಕಾಗುಣಿತದಲ್ಲಿ ಮರೆವು ಹೆಚ್ಚು. ಓದಿನಲ್ಲಿ ಒಂದು ವ್ಯತ್ಯಾಸ ಕಂಡಿತು: ಅನುಕೂಲ ಇರುವ ಮನೆಯ ಮಕ್ಕಳು ರಜೆಯಲ್ಲೂ ಸ್ವಲ್ಪ ಮುಂದೆ ಹೋದರು, ಬಡ ಮನೆಯ ಮಕ್ಕಳು ಹಿಂದೆ ಬಿದ್ದರು. ಇತ್ತೀಚಿನ ಕೆಲವು ಸಂಶೋಧಕರು ಈ ನಷ್ಟದ ಅಳತೆಯನ್ನೇ ಪ್ರಶ್ನಿಸಿದ್ದಾರೆ, ಬೇರೆ ಪರೀಕ್ಷೆ ಇಟ್ಟು ನೋಡಿದರೆ ಅಷ್ಟು ಕಾಣುವುದಿಲ್ಲ ಎನ್ನುತ್ತಾರೆ. ಆದರೂ ತರಗತಿಯಲ್ಲಿ ನಿಂತು ನೋಡುವವರಿಗೆ ಮರೆವು ಎದುರಿಗೇ ಕಾಣುತ್ತದೆ.

ಅದರ ಮೇಲೆ ಈಗಿರುವ ಮಟ್ಟವೂ ಸಮಾಧಾನ ಕೊಡುವಂಥದ್ದಲ್ಲ. ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. ಇಷ್ಟು ತೆಳುವಾದ ಕಲಿಕೆ ಏಳು ವಾರ ಹಾಗೇ ಬಿದ್ದಿದ್ದರೆ ಉಳಿಯುತ್ತದಾ ಎಂದು ಟೀಚರ್ ಚಿಂತಿಸಿದರೆ ಅದು ಸರಿಯಾದ ಚಿಂತೆ.

ಆದರೆ ಹೋಂವರ್ಕ್ ಆ ಮರೆವನ್ನು ತಡೆಯುತ್ತದಾ?

ಇಲ್ಲೇ ವಾದ ಜಾರುವುದು. ಕಾಯಿಲೆ ನಿಜ ಎಂದ ಮಾತ್ರಕ್ಕೆ ಕೈಗೆ ಸಿಕ್ಕ ಔಷಧಿ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ. ಅದೇ ಕೂಪರ್ 1989ರಲ್ಲೂ 2006ರಲ್ಲೂ ಹೋಂವರ್ಕ್ ಕುರಿತ ಅಧ್ಯಯನಗಳನ್ನು ಪರಿಶೀಲಿಸಿದ್ದರು. ಹೈಸ್ಕೂಲಿನಲ್ಲಿ ಹೋಂವರ್ಕಿಗೂ ಅಂಕಕ್ಕೂ ನಂಟು ಕಾಣುತ್ತದೆ. ಪ್ರಾಥಮಿಕ ಹಂತದಲ್ಲಿ ಅದು ಇಲ್ಲವೇನೋ ಎನ್ನುವಷ್ಟು ಕಡಿಮೆ. ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಅವರ 2009ರ ಲೆಕ್ಕದಲ್ಲೂ ಪ್ರಾಥಮಿಕ ಮಕ್ಕಳಿಗೆ ಹೋಂವರ್ಕಿನ ಪರಿಣಾಮ 0.15ರ ಆಸುಪಾಸು. ಒಂದು ಕ್ರಮ ಗಮನಕ್ಕೆ ಬರುವಷ್ಟು ಫಲ ಕೊಡುತ್ತದೆ ಎನ್ನಲು ಅವರು ಇಟ್ಟುಕೊಂಡ ಗೆರೆ 0.40.

ಕಾರಣ ಊಹಿಸುವುದು ಕಷ್ಟವಲ್ಲ. ಹೈಸ್ಕೂಲಿನ ಹುಡುಗ ಒಬ್ಬನೇ ಕೂತು ತನ್ನ ತಪ್ಪನ್ನು ತಾನೇ ಹುಡುಕಬಲ್ಲ. ಏಳು ವರ್ಷದ ಮಗುವಿಗೆ ಅದು ಆಗುವುದಿಲ್ಲ. ತಪ್ಪಾಗಿ ಬರೆದರೆ ಆ ಕ್ಷಣವೇ ಯಾರಾದರೂ ಹೇಳಬೇಕು. ಹೇಳುವವರಿಲ್ಲದೆ ‘ಅಕ್ಕಿ’ಯನ್ನು ‘ಅಕಿ’ ಎಂದು ನೂರು ಸಲ ಬರೆದರೆ ಮಗು ತಪ್ಪನ್ನೇ ನೂರು ಸಲ ಕಲಿತಂತೆ. ಶಾಲೆ ತೆರೆದ ಮೇಲೆ ಟೀಚರ್ 30 ಪುಸ್ತಕದ ತಲಾ 90 ಪುಟ ನೋಡಲು ಸಾಧ್ಯವೇ? ಕೆಂಪು ಪೆನ್ನಿನ ಒಂದು ಗೀಟು, ಸಹಿ, ಅಷ್ಟೇ.

ಬೇರೆ ದೇಶಗಳೂ ಇದನ್ನು ಗಮನಿಸಿವೆ. ಫ್ರಾನ್ಸ್ 1956ರಲ್ಲೇ ಪ್ರಾಥಮಿಕ ಶಾಲೆಯಲ್ಲಿ ಬರೆಯುವ ಹೋಂವರ್ಕ್ ನಿಲ್ಲಿಸಬೇಕೆಂದು ಸುತ್ತೋಲೆ ಹೊರಡಿಸಿತು. ಓದಿನ ಒತ್ತಡಕ್ಕೆ ಹೆಸರಾದ ಚೀನಾ 2021ರಲ್ಲಿ 1 ಮತ್ತು 2ನೇ ತರಗತಿಗೆ ಬರವಣಿಗೆಯ ಹೋಂವರ್ಕನ್ನು ಕೈಬಿಟ್ಟಿತು.

ಕೊಡಗಿನ ಮನೆಗಳು ಒಂದೇ ಥರ ಇಲ್ಲ

ಹೋಂವರ್ಕ್ ನಡೆಯುವುದು ಮನೆಯಲ್ಲಿ. ಹಾಗಾಗಿ ಮನೆ ಹೇಗಿದೆ ಎಂದು ನೋಡದೆ ಅದರ ಬಗ್ಗೆ ತೀರ್ಮಾನ ಹೇಳುವುದು ಸುಮ್ನೆ ಮಾತಾಗುತ್ತದೆ.

ತೋಟದ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲು ಮನೆಯ, ಒಂದು ಏಪ್ರಿಲ್ ದಿನ ತೆಗೆದುಕೊಳ್ಳಿ. ಕಾಫಿ ಕುಯ್ಲು ಮುಗಿದಿದೆ, ಕರಿಮೆಣಸು, ಕಪಾತು, ಗೊಬ್ಬರದ ಕೆಲಸ ಇದೆ. ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. 4ನೇ ತರಗತಿಯ ಹುಡುಗಿ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ, ನೀರು ತರುತ್ತಾಳೆ, ಅನ್ನಕ್ಕಿಡುತ್ತಾಳೆ. ಕೂತು ಬರೆಯಲು ಮೇಜು ಇಲ್ಲ, ಬಾಗಿಲ ಮೆಟ್ಟಿಲೇ ಮೇಜು. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟವಾದರೆ ಆನೆ ಭಯಕ್ಕೆ ಸಂಜೆ ಆಗುತ್ತಲೇ ಬಾಗಿಲು ಹಾಕಬೇಕು. ಆಮೇಲೆ ಪಕ್ಕದ ಲೈನಿನ ಅಕ್ಕನ ಬಳಿ ‘ಇದು ಹೇಗೆ’ ಎಂದು ಕೇಳಲು ಹೋಗುವಂತಿಲ್ಲ.

ಭಾಷೆಯ ವಿಷಯ ಇನ್ನೂ ದೊಡ್ಡದು. ಕೊಡಗಿನ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬರ ನುಡಿ, ಮಲಯಾಳ, ತುಳು, ತಮಿಳು ಮಾತನಾಡುವ ಮನೆಗಳ ಮಕ್ಕಳು ಕೂರುತ್ತಾರೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಶಾಲೆಯ ಕನ್ನಡ ಈ ಎಷ್ಟೋ ಮಕ್ಕಳಿಗೆ ಎರಡನೇ ಭಾಷೆ, ಕೆಲವರಿಗೆ ಮೂರನೆಯದು. ಅವರಿಗೆ ರಜೆಯಲ್ಲಿ ಬೇಕಾಗಿರುವುದು ಕನ್ನಡ ಕೇಳುವುದು, ಮಾತನಾಡುವುದು, ಚಿತ್ರ ನೋಡಿಕೊಂಡು ಓದುವುದು. ಅರ್ಥ ಗೊತ್ತಿಲ್ಲದ ಪಾಠವನ್ನು ನೋಡಿ ನೋಡಿ ಬರೆಯುವುದರಿಂದ ಅದು ಸಿಗುವುದಿಲ್ಲ.

ಇನ್ನೊಂದು ಮನೆ ಗೋಣಿಕೊಪ್ಪದ್ದೋ ಕುಶಾಲನಗರದ್ದೋ ಇರಬಹುದು. ಮಗುವಿಗೆ ಸಿಕ್ಕಿರುವುದು ‘ಸೌರಮಂಡಲದ ಮಾದರಿ ಮಾಡಿ’ ಎಂಬ ಪ್ರಾಜೆಕ್ಟ್. ಥರ್ಮೋಕೋಲ್ ಕತ್ತರಿಸುವುದು ಅಪ್ಪ, ಬಣ್ಣ ಹಚ್ಚುವುದು ಅಮ್ಮ, ಮಾಹಿತಿ ಬರುವುದು ಜೆರಾಕ್ಸ್ ಅಂಗಡಿಯ ಪ್ರಿಂಟಿನಲ್ಲಿ. ಮಗು ಹೆಸರು ಬರೆಯುತ್ತದೆ. ಜೂನ್‌ನಲ್ಲಿ ಆ ಮಾದರಿಗೆ ‘ವೆರಿ ಗುಡ್’ ಸಿಗುತ್ತದೆ. ಲೈನ್ ಮನೆಯ ಮಗು ತಾನೇ ಬರೆದ ಸೊಟ್ಟ ಅಕ್ಷರದ ಅರ್ಧ ಪುಸ್ತಕ ಹಿಡಿದು ನಿಂತಿರುತ್ತದೆ. ಇಲ್ಲಿ ಅಂಕ ಸಿಕ್ಕಿದ್ದು ಯಾರಿಗೆ? ಮನೆಯ ಅನುಕೂಲಕ್ಕೆ. ರಜೆ ಹೋಂವರ್ಕ್ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಮನೆಯಲ್ಲಿ ಓದು ಬಲ್ಲ ದೊಡ್ಡವರಿದ್ದರೆ ಮಾತ್ರ ಮುಗಿಯುವ ಕೆಲಸವನ್ನು ಮಗುವಿನ ಕೆಲಸ ಎಂದು ಕರೆಯಬಾರದು.

ಹಾಡಿಯ, ಅಂದರೆ ಆದಿವಾಸಿ ವಸತಿಯ, ಮಕ್ಕಳ ವಿಷಯದಲ್ಲಿ ಅಪಾಯ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಆಶ್ರಮ ಶಾಲೆಯಲ್ಲಿದ್ದು ರಜೆಗೆ ಮನೆಗೆ ಹೋದ ಮಗು ಮತ್ತೆ ಬರುವುದೇ ಟೀಚರ್‌ಗಳಿಗೆ ಪ್ರತಿ ವರ್ಷದ ಚಿಂತೆ. ಹೋಂವರ್ಕ್ ಮುಗಿದಿಲ್ಲ, ಹೋದರೆ ಬೈಯುತ್ತಾರೆ ಎಂಬ ಭಯವೂ ಸೇರಿಕೊಂಡರೆ ಮಗು ಮೊದಲ ದಿನ ತಪ್ಪಿಸಿಕೊಳ್ಳುತ್ತದೆ. ಮೊದಲ ದಿನ ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಭಯ, ಆತಂಕ ಇಲ್ಲದ ಕಲಿಕೆ ಮಗುವಿನ ಹಕ್ಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಮಳೆ ರಜೆ ಬೇರೆ ಲೆಕ್ಕ

ಬಯಲುಸೀಮೆಯವರಿಗೆ ಅಷ್ಟಾಗಿ ಇಲ್ಲದ ಒಂದು ಸಂಗತಿ ಕೊಡಗಿಗೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಾದಾಗ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. 2018ರ ಆಗಸ್ಟಿನ ಭೂಕುಸಿತ, 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿದ ದುರಂತ, 2020ರ ತಲಕಾವೇರಿಯ ಬ್ರಹ್ಮಗಿರಿ ಕುಸಿತ ನೋಡಿದ ಮೇಲೆ ಈ ಎಚ್ಚರಿಕೆ ಅತಿಯಾಯಿತು ಎನ್ನುವಂತಿಲ್ಲ. ಈ ರಜೆಗಳನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತರಗತಿ ನಡೆಸಿ ತುಂಬಿಸುತ್ತಾರೆ. 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಲೇಬೇಕು ಎಂಬ ಕಾಯ್ದೆ ಇದೆ. ತರಗತಿ ಹೇಗೂ ಮತ್ತೆ ನಡೆಯುತ್ತದೆ ಎಂದ ಮೇಲೆ ಮಳೆ ರಜೆಯ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಂವರ್ಕ್ ಕಳಿಸುವುದಕ್ಕೆ ಅರ್ಥವಿಲ್ಲ. ಒಂದೇ ಪಾಠಕ್ಕೆ ಮಗು ಎರಡು ಸಲ ಬೆಲೆ ತೆತ್ತಂತೆ. ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದ ದಿನ ಅದು ತಲುಪುವುದೂ ಅರ್ಧ ಮನೆಗೆ ಮಾತ್ರ.

ಮಳೆ ರಜೆಯಿಂದ ಆಗುವ ನಿಜವಾದ ತೊಂದರೆ ಬೇರೆ ಕಡೆ ಇದೆ. ನಮ್ಮ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ಎಂಬ ಕಾರ್ಯಕ್ರಮ ಇದೆ. ಮಗುವಿಗೆ ಏನು ನೆನಪಿದೆ ಎಂದು ನೈದಾನಿಕ ಪರೀಕ್ಷೆ ಮಾಡುತ್ತಾರೆ. ಮರೆತದ್ದನ್ನು ಮತ್ತೆ ಕಲಿಸುತ್ತಾರೆ. ಆಮೇಲೆ ಸಾಫಲ್ಯ ಪರೀಕ್ಷೆ. ಅಂದರೆ ಮಕ್ಕಳು ರಜೆಯಲ್ಲಿ ಮರೆಯುತ್ತಾರೆ ಎಂಬುದನ್ನು ಇಲಾಖೆ ಒಪ್ಪಿಕೊಂಡು ಅದಕ್ಕೆ ಸಮಯವನ್ನೂ ಇಟ್ಟಿದೆ. ಆದರೆ ಕೊಡಗಿನಲ್ಲಿ ಸೇತುಬಂಧ ನಡೆಯುವ ಹೊತ್ತಿಗೇ ಮುಂಗಾರು ಬರುತ್ತದೆ. ಮಧ್ಯೆ ನಾಲ್ಕಾರು ದಿನ ರಜೆ ಬಿದ್ದರೆ ಸೇತುವೆ ಅರ್ಧಕ್ಕೇ ನಿಲ್ಲುತ್ತದೆ, ಪಾಠ ಮುಂದೆ ಓಡುತ್ತದೆ. ಈ ಹಾನಿಯನ್ನು ಏಪ್ರಿಲ್‌ನಲ್ಲಿ 96 ಪುಟ ಬರೆಸಿ ತಡೆಯಲು ಆಗುವುದಿಲ್ಲ. ಮಳೆಗೆ ಹೋದ ಅಷ್ಟೂ ದಿನ ಸೇತುಬಂಧವನ್ನು ಮುಂದಕ್ಕೆ ಹಾಕಿದರೆ ತಡೆಯಬಹುದು. ಶನಿವಾರದ ಹೆಚ್ಚುವರಿ ತರಗತಿಯನ್ನು ಮೊದಲು ಇದಕ್ಕೆ ಬಳಸಬೇಕು.

ಪೋಷಕರೇ ಕೇಳುತ್ತಾರಲ್ಲ?

ಕೇಳುತ್ತಾರೆ, ನಿಜ. ಅದರಲ್ಲೂ ಖಾಸಗಿ ಶಾಲೆಯ ಪೋಷಕರು. ಫೀಸು ಕಟ್ಟಿದ್ದೇವೆ, ಎರಡು ತಿಂಗಳು ಸುಮ್ಮನೆ ಬಿಟ್ಟರೆ ಹೇಗೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮೊಬೈಲ್. ಇಬ್ಬರೂ ದುಡಿಯುವ ಮನೆಯಲ್ಲಿ ಮಗು ಇಡೀ ದಿನ ರೀಲ್ಸ್ ನೋಡುತ್ತಾ ಕೂತರೆ ಯಾವ ಅಮ್ಮನಿಗೆ ನೆಮ್ಮದಿ? ಹೋಂವರ್ಕ್ ಇದ್ದರೆ ಒಂದು ಗಂಟೆಯಾದರೂ ಪುಸ್ತಕದ ಮುಂದೆ ಕೂರುತ್ತದೆ ಎಂಬ ಆಸೆ ಸಹಜ. ಆದರೆ ಹೋಂವರ್ಕ್ ಬರುವುದೇ ಮೊಬೈಲಿನಲ್ಲಿ, ಉತ್ತರ ಹುಡುಕುವುದೂ ಅದರಲ್ಲೇ ಎಂದಾದರೆ ಆ ಆಸೆ ಈಡೇರುವುದಿಲ್ಲ.

ನಲಿ-ಕಲಿ ತರಗತಿಯ ಪೋಷಕರು ಇನ್ನೊಂದು ವಿಷಯ ತಿಳಿದಿರಬೇಕು. 1995ರಲ್ಲಿ ನಮ್ಮ ಗಡಿಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಚಿಕ್ಕ ತರಗತಿಗಳ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಒಬ್ಬಳು ಒಂದು ಮೈಲಿಗಲ್ಲಿನಲ್ಲಿದ್ದರೆ ಪಕ್ಕದವನು ಇನ್ನೊಂದರಲ್ಲಿ. ಅಂಥ ತರಗತಿಗೆ ಎಲ್ಲರಿಗೂ ಒಂದೇ ಹೋಂವರ್ಕ್ ಕೊಟ್ಟರೆ ವರ್ಷವಿಡೀ ಮಾಡಿದ ಕೆಲಸಕ್ಕೇ ಅದು ವಿರುದ್ಧ.

ಯಾವ ಕೆಲಸ ಕೊಡಬಹುದು

ಯಶ್‌ಪಾಲ್ ಸಮಿತಿ ಬಿಟ್ಟ ಕಿಟಕಿಗೆ ಈಗ ಬರೋಣ. ಮನೆಯ ಸುತ್ತ ನೋಡಿ ತಿಳಿಯುವ ಕೆಲಸ. ಇದಕ್ಕೆ ಕೊಡಗಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇಲ್ಲಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆದು ದಿನಾ ಬರೆದಿಡುತ್ತಾರೆ. 100 ಸೆಂಟಿಗೆ ಒಂದು ಇಂಚು. ‘ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟು, ನಿಮ್ಮಲ್ಲಿ ಎಷ್ಟು’ ಎಂಬುದು ಬೇಸಿಗೆಯಲ್ಲಿ ದಿನಾ ಕೇಳುವ ಮಾತು. ಕಾಫಿ ಹೂ ಅರಳಿಸುವ ಹೂಮಳೆ ಆಯಿತಾ, ಅದರ ಹಿಂದೆ ಕಾಯಿ ನಿಲ್ಲಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ ಎಂದು ಇಡೀ ಜಿಲ್ಲೆ ಆಕಾಶ ನೋಡುವ ಕಾಲ ಅದು. 5ನೇ ತರಗತಿಯ ಮಗುವಿಗೆ ದಶಮಾಂಶ ಕಲಿಸಲು ಇದಕ್ಕಿಂತ ಏನು ಬೇಕು? ಒಂದು ಇಂಚು ಇಪ್ಪತ್ತು ಸೆಂಟು ಅಂದರೆ 1.20. ಒಂದು ಇಂಚು ಎರಡು ಸೆಂಟು ಅಂದರೆ 1.02. ಪುಸ್ತಕದಲ್ಲಿ ಮಕ್ಕಳು ಪದೇ ಪದೇ ಎಡವುವುದು ಇದೇ ಸೊನ್ನೆಯಲ್ಲಿ. ಅಂಗಳದಲ್ಲಿ ನೀರು ಅಳೆದ ಮಗು ಅಷ್ಟು ಸುಲಭವಾಗಿ ಎಡವುವುದಿಲ್ಲ, ಯಾಕೆಂದರೆ ಎರಡರ ನಡುವಿನ ವ್ಯತ್ಯಾಸ ಅದು ಕಣ್ಣಾರೆ ಕಂಡಿದೆ. ಮಳೆಮಾಪಕ ಇಲ್ಲದ ಲೈನ್ ಮನೆಯಲ್ಲೂ ಇದು ಆಗುತ್ತದೆ. ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬ, ಒಂದು ಸ್ಕೇಲು ಸಾಕು. ಅಪ್ಪ ಅಮ್ಮನಿಗೆ ಓದು ಬರಬೇಕಿಲ್ಲ. ಮಳೆ ಬಿದ್ದ ದಿನ ಅಳೆಯುವುದು, ತಾರೀಕಿನ ಮುಂದೆ ಒಂದು ಸಂಖ್ಯೆ ಬರೆಯುವುದು. ಎರಡು ನಿಮಿಷದ ಕೆಲಸ. ಜೂನ್‌ನಲ್ಲಿ ಮಕ್ಕಳು ತಮ್ಮ ತಮ್ಮ ಪಟ್ಟಿ ತಂದರೆ ತರಗತಿಗೆ ಒಂದು ವಾರದ ಗಣಿತ ಸಿದ್ಧವಾಗಿರುತ್ತದೆ.

ದಸರಾ ರಜೆಗೆ ಇನ್ನೊಂದು ಥರ. ಮಡಿಕೇರಿ ದಸರಾದ ಮೆರವಣಿಗೆಯಲ್ಲಿ ಸಾಗುವ ದಶಮಂಟಪ ನೋಡಿದ ಮಗು ಒಂದು ಮಂಟಪದ ಕಥೆಯನ್ನು ಬಂದು ಹೇಳಲಿ. ಅಕ್ಟೋಬರ್ ನಡುವೆ ತಲಕಾವೇರಿಯಲ್ಲಿ ನಡೆಯುವ ತೀರ್ಥೋದ್ಭವದ ಬಗ್ಗೆ ತಾತನನ್ನು ಕೇಳಲಿ. ಹಾಡಿಯ ಮಗು ತನ್ನ ಅಜ್ಜಿ ಹೆಸರಿಟ್ಟು ಕರೆಯುವ ಐದು ಸೊಪ್ಪಿನ ಹೆಸರು ತರಲಿ. ತರಗತಿಯಲ್ಲಿ ಯಾವಾಗಲೂ ಹಿಂದೆ ಕೂರುವ ಆ ಮಗುವಿಗೆ ಅವತ್ತು ಎಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ. ಇದಕ್ಕೆಲ್ಲ ಅಂಕ ಬೇಡ, ತರದಿದ್ದರೆ ಬೈಗುಳವೂ ಬೇಡ.

ಓದಿಗೆ ಬೇಕಾಗಿರುವುದು ಪುಸ್ತಕ, ಅಷ್ಟೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಆದರೆ ತೋಟದ ನಡುವಿನ ಲೈನ್ ಮನೆಯಿಂದ ಪಂಚಾಯಿತಿ ಕಚೇರಿ ಕಿಲೋಮೀಟರ್‌ಗಟ್ಟಲೆ ದೂರ. ಒಂಟಿ ಮಗುವನ್ನು ಆ ದಾರಿಯಲ್ಲಿ ಕಳಿಸಲು ಆಗುವುದಿಲ್ಲ. ಹಾಗಾಗಿ ಪುಸ್ತಕವೇ ಮಗುವಿನ ಜೊತೆ ಮನೆಗೆ ಹೋಗಬೇಕು.

ಮುಂದೆ ಏನಾಗಬಹುದು

ಸರ್ಕಾರ ರಜೆ ಹೋಂವರ್ಕನ್ನು ಪೂರ್ತಿ ನಿಷೇಧಿಸಿತು ಎನ್ನಿ. ಸರ್ಕಾರಿ ಶಾಲೆಗಳು ಪಾಲಿಸುತ್ತವೆ. ಖಾಸಗಿಯವು ‘ಚಟುವಟಿಕೆ ಪುಸ್ತಕ’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಬಹುದು, ದುಡ್ಡಿದ್ದವರು ಟ್ಯೂಷನ್‌ಗೆ ಕಳಿಸುತ್ತಾರೆ. ಬಡ ಮಗುವಿನ ಕೈಗೆ ಏಳು ವಾರ ಒಂದು ಅಕ್ಷರವೂ ಸಿಗದೆ ಹೋಗಬಹುದು. ಈಗಿರುವಂತೆಯೇ ಬಿಟ್ಟರೆ ಅನುಕೂಲಸ್ಥ ಮನೆಯ ಪ್ರಾಜೆಕ್ಟಿಗೆ ಅಂಕ, ಉಳಿದವರಿಗೆ ಭಯ ಎಂಬ ಸ್ಥಿತಿ ಹಾಗೇ ಇರುತ್ತದೆ. ಎರಡೂ ಬೇಡ ಎಂದರೆ, 2ನೇ ತರಗತಿವರೆಗೆ ಬರೆಯುವ ಕೆಲಸ ಏನೂ ಇಲ್ಲ, 3ರಿಂದ 5ಕ್ಕೆ ಮಗು ಒಬ್ಬಂಟಿಯಾಗಿ ಮಾಡಬಲ್ಲ ಸಣ್ಣ ಕೆಲಸ ಮತ್ತು ಓದಲು ಪುಸ್ತಕ, ಮರೆತದ್ದನ್ನು ಕಲಿಸುವ ಹೊಣೆ ಜೂನ್‌ನ ಸೇತುಬಂಧಕ್ಕೆ. ಇದಕ್ಕೆ ಹೊಸ ಕಾನೂನು ಬೇಡ, ಇರುವ ನೀತಿಯೇ ಸಾಕು.

ಒಂದು ಅಡ್ಡಿ ಇದೆ, ಅದನ್ನು ಎಸ್‌ಡಿಎಂಸಿಯಲ್ಲೇ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲೇ, ಬಗೆಹರಿಸಬಹುದು. ಎಷ್ಟೋ ಶಾಲೆಗಳ ಕಥೆ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿವೆ. ಪುಸ್ತಕ ಹರಿದರೆ, ಕಳೆದರೆ ಲೆಕ್ಕ ಕೊಡಬೇಕಾದವರು ಮುಖ್ಯ ಶಿಕ್ಷಕರು, ಹಾಗಾಗಿ ಮನೆಗೆ ಕೊಡಲು ಹಿಂಜರಿಯುತ್ತಾರೆ. ಕಳೆದು ಹೋದ ನಾಲ್ಕಾರು ಪುಸ್ತಕದ ಹೊಣೆಯನ್ನು ಸಮಿತಿಯೇ ಹೊರುತ್ತದೆ ಎಂದು ಮಾರ್ಚ್‌ನ ಸಭೆಯಲ್ಲಿ ಒಂದು ಸಾಲು ಠರಾವು ಬರೆದುಕೊಂಡರೆ, ಏಪ್ರಿಲ್ 10ರಂದು ಫಲಿತಾಂಶ ಕೇಳಲು ಬಂದ ಪ್ರತಿ ಮಗುವಿನ ಕೈಗೂ ಎರಡು ಪುಸ್ತಕ ಕೊಟ್ಟು ಕಳಿಸಬಹುದು.